ವಿಮಾನಕ್ಕೊಂದು ಪುಟ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ನನ್ನನ್ನು ಕಾಣಲು ಬಂದಿದ್ದನು. ಇದೇ ಜಗಲಿಯಲ್ಲಿ ಕುಳಿತು ಮಗ್ಗಿ ಒಪ್ಪಿಸಿದ ಆ ಹುಡುಗನು ಈಗ ವಿಮಾನ ನಡೆಸುವ ವಿದ್ಯೆಯನ್ನು ಕಲಿಯುತ್ತಿದ್ದಾನೆ. ಮೋಡಗಳ ಮೇಲಿನ ಸೊಗಸನ್ನು ವರ್ಣಿಸುವನೆಂದು ನಾನು ನಿರೀಕ್ಷಿಸಿದ್ದೆನು. ಆದರೆ ಅವನು ನನಗೆ ತೋರಿಸಿದುದು ಒಂದು ಲೆಕ್ಕದ ಪುಸ್ತಕವನ್ನು! ಅದೂ ಕಾಗದದ ಪುಸ್ತಕವಲ್ಲ. ಕೈಯಗಲದ ಗಣಕಯಂತ್ರದಲ್ಲಿ ಅಡಗಿದ ಪುಸ್ತಕ. ಅದಕ್ಕೆ ಲಾಗ್‌ಬುಕ್ ಎಂದು ಹೆಸರು. ಇಂದು ಅದರ ವಿಷಯವಾಗಿಯೇ ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ವಿಮಾನಿಯಾದವನು ತಾನು ಮಾಡಿದ ಪ್ರತಿಯೊಂದು ಹಾರಾಟವನ್ನೂ ಬರೆದಿಡಬೇಕು. ದಿನಾಂಕ, ಹೊರಟ ಊರು, ಇಳಿದ ಊರು, ಹಿಡಿದ ಕಾಲ, ಹಗಲೋ ಇರುಳೋ, ತಾನೇ ಮುಖ್ಯ ವಿಮಾನಿಯಾಗಿದ್ದನೋ ಗುರುವಿನ ಪಕ್ಕದಲ್ಲಿ ಕುಳಿತಿದ್ದನೋ ಎಂಬುದೆಲ್ಲವೂ ಅದರಲ್ಲಿರಬೇಕು. ನಮ್ಮ ದೇಶದಲ್ಲಿ ವಾಣಿಜ್ಯ ವಿಮಾನಿಯ ಪರವಾನಗಿ ಬೇಕಾದರೆ 200 ಗಂಟೆಗಳ ಹಾರಾಟವಾಗಿರಬೇಕು. ಆ 200 ಗಂಟೆಗಳಿಗೆ ಸಾಕ್ಷಿ ಈ ಪುಸ್ತಕವೇ.

ಗಣಕಯಂತ್ರದ ಲಾಗ್‌ಬುಕ್ಕಿನಲ್ಲಿ ಹಾರಾಟಕ್ಕೆ ಒಂದು ಪಟ್ಟಿ, ವಿಮಾನಗಳಿಗೆ ಬೇರೊಂದು ಪಟ್ಟಿ. ಪ್ರತಿಯೊಂದು ವಿಮಾನಕ್ಕೂ ತನ್ನದೇ ಆದ ಪುಟವುಂಟು. ಅದರ ನೋಂದಣಿ ಅಕ್ಷರಗಳು, ತಯಾರಕರು, ಜಾತಿ, ಎಂಜಿನ್ ಒಂದೋ ಎರಡೋ, ಚಕ್ರಗಳು ಒಳಸೇರುವವೋ ಇಲ್ಲವೋ ಎಂಬುದನ್ನು ಆ ಪುಟದಲ್ಲಿ ಒಮ್ಮೆ ಬರೆದರೆ ಸಾಕು. ಆಮೇಲೆ ಹಾರಾಟವನ್ನು ಬರೆಯುವಾಗ ವಿಮಾನದ ಅಕ್ಷರಗಳನ್ನು ಸೂಚಿಸಿದರೆ, ಎರಡು ಎಂಜಿನ್‌ಗಳ ವಿಮಾನದಲ್ಲಿ ಇಷ್ಟು ಗಂಟೆ, ಒಂದು ಎಂಜಿನ್ನಿನದರಲ್ಲಿ ಇಷ್ಟು ಗಂಟೆ ಎಂದು ಯಂತ್ರವೇ ಕೂಡಿ ಕೊಡುತ್ತದೆ.

ಜಾತಿ ಬೇರೆ, ವ್ಯಕ್ತಿ ಬೇರೆ ಎಂಬುದನ್ನು ಮಕ್ಕಳು ಇಲ್ಲಿ ಗಮನಿಸಬೇಕು. ಸೆಸ್ನಾ 172 ಎಂಬುದು ಜಾತಿಯ ಹೆಸರು. ಆ ಜಾತಿಯ ವಿಮಾನಗಳು ಲೋಕದಲ್ಲಿ ಸಾವಿರಾರು. ಭಾರತದ ವಿಮಾನಗಳಿಗೆ ವಿಟಿ ಎಂಬ ಎರಡು ಅಕ್ಷರಗಳ ಮುಂದೆ ಇನ್ನು ಮೂರು ಅಕ್ಷರಗಳನ್ನು ಸೇರಿಸಿ ಕೊಡುವ ಗುರುತು ಆಯಾ ವಿಮಾನದ್ದೇ.

ನಮ್ಮ ಸೀಮೆಗೆ ಹತ್ತಿರವಾದ ಒಂದು ದೃಷ್ಟಾಂತವನ್ನು ಹೇಳುತ್ತೇನೆ. 1932ನೆಯ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಪುಸ್ ಮಾತ್ ಜಾತಿಯ ವಿಟಿ-ಎಡಿಎನ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಅಂಚೆಯನ್ನು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅವರು ಆ ಅಂಚೆಯನ್ನು ಬಳ್ಳಾರಿಯ ಮೇಲೆ ಮದರಾಸಿಗೆ ಒಯ್ದರು. ಅಂದು ನಮ್ಮ ರಾಯದುರ್ಗವೂ ಬಳ್ಳಾರಿ ಜಿಲ್ಲೆಗೇ ಸೇರಿದ್ದಿತು. 1953ರಲ್ಲಿ ಅದು ಆಂಧ್ರಕ್ಕೆ ಬಂದಿತು. ಐವತ್ತು ವರ್ಷಗಳ ತರುವಾಯ, 1982ರಲ್ಲಿ, ಟಾಟಾ ಅವರು ತಮ್ಮ 78ನೆಯ ವಯಸ್ಸಿನಲ್ಲಿ ಕರಾಚಿಯಿಂದ ಮುಂಬಯಿಗೆ ಅದೇ ಹಾರಾಟವನ್ನು ಮತ್ತೆ ಮಾಡಿದರು. ಆದರೆ ಆಗ ಅವರು ಏರಿದ್ದುದು ಲೆಪರ್ಡ್ ಮಾತ್ ಎಂಬ ಬೇರೊಂದು ಜಾತಿಯ ವಿಮಾನವನ್ನು. ಹೆಸರೂ ರೂಪವೂ ಹತ್ತಿರ ಹತ್ತಿರ. ಅಜಾಗರೂಕನಾದವನು ಎರಡನ್ನೂ ಬರಿಯ ಮಾತ್ ಎಂದು ಒಂದೇ ಪುಟಕ್ಕೆ ಸೇರಿಸಿದರೆ ಚರಿತ್ರೆಯೇ ತಪ್ಪಾಗುವುದು.

ಇನ್ನು ಈ ಪುಟಗಳನ್ನು ಕಾಪಾಡುವ ಬಗೆಯನ್ನು ನನ್ನ ಶಿಷ್ಯನು ನನಗೇ ಪಾಠ ಹೇಳಿದನು. ಒಮ್ಮೆ ಅಕ್ಷರಗಳ ನಡುವೆ ಅಡ್ಡಗೆರೆಯಿಟ್ಟು, ಇನ್ನೊಮ್ಮೆ ಬಿಟ್ಟು ಬರೆದರೆ, ಕೆಲವು ಯಂತ್ರಗಳು ಒಂದೇ ವಿಮಾನವನ್ನು ಎರಡೆಂದು ಎಣಿಸುತ್ತವೆ. ಓ ಎಂಬ ಇಂಗ್ಲಿಷ್ ಅಕ್ಷರಕ್ಕೆ ಬದಲು ಸೊನ್ನೆ ಬಿದ್ದರೂ ಹಾಗೆಯೇ. ಗಂಟೆಗಳು ಎರಡು ಕಡೆ ಹಂಚಿಹೋಗುತ್ತವೆ. ಮಾರಿಹೋದ ವಿಮಾನದ ಪುಟವನ್ನು ಅಳಿಸಬಾರದು. ಬಳಕೆಯಲ್ಲಿಲ್ಲವೆಂದು ಗುರುತು ಹಾಕಿ ಇಟ್ಟುಕೊಳ್ಳಬೇಕು. ಅಳಿಸಿದರೆ ಅದರಲ್ಲಿ ಮಾಡಿದ ಹಾರಾಟಗಳು ತಾಯಿಯಿಲ್ಲದ ಮಕ್ಕಳಾಗುತ್ತವೆ. ಅದೇ ವಿಮಾನವು ಬೇರೆ ದೇಶದಲ್ಲಿ ಬೇರೆ ಗುರುತು ಪಡೆದರೆ ಹಳೆಯ ಗುರುತನ್ನು ತಿದ್ದಿಬಿಡದೆ, ಯಾವ ದಿನದಿಂದ ಹೊಸದು ಎಂಬುದನ್ನು ಬರೆಯಬೇಕು. ನೆಲದ ಮೇಲೆಯೇ ನಿಂತು ಹಾರಾಟವನ್ನು ಅನುಕರಿಸುವ ಸಿಮ್ಯುಲೇಟರಿಗೂ ಒಂದು ಪುಟವಿರಬಹುದು. ಆದರೆ ಅದರಲ್ಲಿ ಕುಳಿತ ಕಾಲವನ್ನು ಆಕಾಶದಲ್ಲಿ ಹಾರಿದ ಕಾಲದೊಡನೆ ಬೆರೆಸಬಾರದು. ಎಲ್ಲಕ್ಕೂ ಮಿಗಿಲಾಗಿ, ಇಡೀ ಪುಸ್ತಕದ ಪ್ರತಿಯೊಂದನ್ನು ಬೇರೆ ಕಡೆ ಇಟ್ಟಿರಬೇಕು.

“ಒಂದು ಹಾರಾಟವನ್ನು ತಪ್ಪಾಗಿ ಬರೆದರೆ ತಪ್ಪು ಒಂದೇ, ಸಾರ್. ವಿಮಾನದ ಪುಟದಲ್ಲಿ ತಪ್ಪಿದರೆ ಅದರಲ್ಲಿ ಹಾರಿದ ಅಷ್ಟೂ ಹಾರಾಟಗಳು ತಪ್ಪು” ಎಂದು ಅವನು ಹೇಳಿದನು. ಒಂದು ಎಂಜಿನ್ನಿನ ವಿಮಾನವನ್ನು ಎರಡರದೆಂದು ಬರೆದರೆ ಅವನಿಗಿಲ್ಲದ ಅನುಭವವು ಅವನದೆಂದು ಲೆಕ್ಕಕ್ಕೆ ಬರುತ್ತದೆ. ಆ ಲೆಕ್ಕವನ್ನು ನಂಬಿ ನಾಳೆ ನೂರು ಜನರು ಅವನ ಹಿಂದೆ ಕುಳಿತುಕೊಳ್ಳುತ್ತಾರೆ.

ಆ ಮಾತನ್ನು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆನು. ಏಕೆಂದರೆ ನನ್ನ ಕೋಣೆಯ ಬೀರುವಿನಲ್ಲಿಯೂ ಅಂಥದೊಂದು ಪುಸ್ತಕವಿದೆ: ದಾಖಲಾತಿ ರಿಜಿಸ್ಟರು. ಅದರಲ್ಲಿ ಪ್ರತಿಯೊಂದು ಮಗುವಿಗೂ ಒಂದು ಸಾಲು. ಕೆಲವು ವರ್ಷಗಳ ಹಿಂದೆ ಒಬ್ಬ ಬಾಲಿಕೆಯ ಜನ್ಮದಿನಾಂಕವನ್ನು ಬರೆಯುವಾಗ ನಾನು ಒಂದು ಅಂಕಿಯನ್ನು ತಪ್ಪಿದೆನು. ಆ ತಪ್ಪು ವರ್ಗಾವಣೆ ಪತ್ರಕ್ಕೆ ಹೋಯಿತು. ಅಲ್ಲಿಂದ ಹತ್ತನೆಯ ತರಗತಿಯ ಪ್ರಮಾಣಪತ್ರಕ್ಕೆ ಹೋಯಿತು. ಕೆಲಸಕ್ಕೆ ಅರ್ಜಿ ಹಾಕಿದಾಗ ಎರಡು ಪತ್ರಗಳು ಒಂದಕ್ಕೊಂದು ಒಪ್ಪಲಿಲ್ಲ. ತಿದ್ದುಪಡಿ ಬರುವಷ್ಟರಲ್ಲಿ ಆ ಕೆಲಸವು ಕೈತಪ್ಪಿತು. ಅವಳ ತಂದೆಯವರು ನನ್ನನ್ನು ಒಂದು ಕಠಿನವಾದ ಮಾತನ್ನೂ ಆಡಲಿಲ್ಲ. ಆಡಿದ್ದರೆ ನನ್ನ ಮನಸ್ಸು ಹಗುರವಾಗುತ್ತಿತ್ತೋ ಏನೋ.

ಗಡಿನಾಡಿನ ನಮಗೆ ಈ ಎಚ್ಚರವು ಇಮ್ಮಡಿಯಾಗಿರಬೇಕು. ನಮ್ಮ ಮಕ್ಕಳ ಹೆಸರು ಶಾಲೆಯಲ್ಲಿ ಕನ್ನಡದಲ್ಲಿ, ಕಚೇರಿಯಲ್ಲಿ ತೆಲುಗಿನಲ್ಲಿ, ಪ್ರಮಾಣಪತ್ರದಲ್ಲಿ ಇಂಗ್ಲಿಷಿನಲ್ಲಿ ಬರೆಯಲ್ಪಡುತ್ತದೆ. ಹೊನ್ನೂರಪ್ಪನೆಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಎರಡು ಬಗೆಯಾಗಿ ಬರೆದರೆ, ಅಡ್ಡಗೆರೆ ಬಿಟ್ಟ ವಿಮಾನದಂತೆ, ಒಬ್ಬ ಹುಡುಗನು ಇಬ್ಬರಾಗುತ್ತಾನೆ.

ಆದುದರಿಂದ ಪೋಷಕರಲ್ಲಿ ನನ್ನ ವಿನಂತಿಯಿಷ್ಟೇ. ಈ ವರ್ಷದಿಂದ ಎಂಟನೆಯ ತರಗತಿಯ ಪ್ರತಿಯೊಂದು ಮಗುವಿನ ಕೈಯಲ್ಲಿ ರಿಜಿಸ್ಟರಿನ ಆ ಸಾಲಿನ ನಕಲನ್ನು ಮನೆಗೆ ಕಳುಹಿಸಲಾಗುವುದು. ಜನನ ಪತ್ರದೊಡನೆ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿರಿ. ಓದಲು ಬಾರದವರು ಸಂಕೋಚಪಡದೆ ಶಾಲೆಗೆ ಬನ್ನಿರಿ. ನಾವು ಓದಿ ಹೇಳುತ್ತೇವೆ. ತಪ್ಪಿದ್ದರೆ ಈಗಲೇ ತಿದ್ದಲು ಬೇಕಾದುದನ್ನು ಮಾಡೋಣ. ವಿದ್ಯಾರ್ಥಿಗಳೇ, ನಿಮ್ಮ ಸಾಲನ್ನು ನೀವೂ ಓದಿರಿ, ಅದು ನಿಮ್ಮದು.

ನಿಮ್ಮಲ್ಲಿ ಯಾರು ಮುಂದೆ ಆಕಾಶಕ್ಕೆ ಏರುವಿರೋ ನಾನರಿಯೆ. ಏರುವವರ ಪುಸ್ತಕದ ಮೊದಲ ಸಾಲು ಈ ಶಾಲೆಯಲ್ಲಿ ಸರಿಯಾಗಿ ಬರೆಯಲ್ಪಟ್ಟಿರಲಿ ಎಂದು ಹಾರೈಸುತ್ತೇನೆ.