ಕುದುರೆ ಏರಿದ ತಾಯಿ



ಇವತ್ತು ನಾವೆಲ್ಲ ಸೇರಿ ಒಬ್ಬ ತಾಯಿಯನ್ನು ನೆನೆಯೋಣ. ಅವರ ಹೆಸರು ಲಿಸ್ ಹಾರ್ಟೆಲ್. ದೂರದ ಡೆನ್ಮಾರ್ಕ್ ದೇಶದವರು. ಹುಟ್ಟಿದ್ದು 1921ರಲ್ಲಿ.

ಲಿಸ್ ಅವರಿಗೆ ಕುದುರೆ ಅಂದರೆ ಪ್ರಾಣ. ಸವಾರಿಯಲ್ಲಿ ಒಳ್ಳೆ ಹೆಸರು ಮಾಡಿದ್ದರು. 1944ರಲ್ಲಿ ಅವರು ಬಸುರಿ. ಆಗಲೇ ಪೋಲಿಯೊ ರೋಗ ಬಂತು. ಕೈಕಾಲು ಸೋತವು. ಹಾಸಿಗೆ ಹಿಡಿದರು. ವಯಸ್ಸು ಬರೀ 23.

ಹೊಟ್ಟೆಯ ಕೂಸು ಮಾತ್ರ ಆರೋಗ್ಯವಾಗಿ ಹುಟ್ಟಿತು. ತಾಯಿ ಧೈರ್ಯ ಬಿಡಲಿಲ್ಲ. ಮೊದಲು ಕೈ ಎತ್ತಲು ಕಲಿತರು. ಆಮೇಲೆ ತೆವಳಲು ಕಲಿತರು. ಆಮೇಲೆ ಊರುಗೋಲು ಹಿಡಿದು ನಡೆದರು. ಮೊಣಕಾಲಿನ ಕೆಳಗೆ ಮಾತ್ರ ಬಲ ಮರಳಲೇ ಇಲ್ಲ.

ಆದರೂ ಮತ್ತೆ ಕುದುರೆ ಏರಿದರು! ಹತ್ತಿಸಲು, ಇಳಿಸಲು ಬೇರೆಯವರು ಬೇಕಿತ್ತು. ಸವಾರರು ಕಾಲಿನಿಂದ ಒತ್ತಿ ಕುದುರೆಗೆ ಸನ್ನೆ ಮಾಡುತ್ತಾರೆ. ಇವರ ಕಾಲಿನಲ್ಲಿ ಬಲ ಎಲ್ಲಿತ್ತು? ಬೆನ್ನಿನಿಂದ, ಮೈಭಾರದಿಂದ ಸನ್ನೆ ಮಾಡಿದರು. ಜುಬಿಲಿ ಎಂಬ ಕುದುರೆ ಅದನ್ನು ಅರ್ಥ ಮಾಡಿಕೊಂಡಿತು.

1952ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ಒಲಿಂಪಿಕ್ಸ್ ನಡೆಯಿತು. ಅಲ್ಲಿಯವರೆಗೆ ಒಲಿಂಪಿಕ್ಸ್ ಸವಾರಿಯಲ್ಲಿ ಹೆಂಗಸರಿಗೆ ಜಾಗ ಸಿಗುವುದೇ ಅಪರೂಪವಾಗಿತ್ತು. ಆ ವರ್ಷ ಒಂದು ಸ್ಪರ್ಧೆಗೆ ಬಿಟ್ಟರು. ಗಂಡಸರ ಜೊತೆಯಲ್ಲೇ ಸ್ಪರ್ಧೆ. ಲಿಸ್ ಎರಡನೆಯವರಾಗಿ ಬೆಳ್ಳಿ ಪದಕ ಗೆದ್ದರು. ಪದಕ ಪಡೆಯುವ ಕಟ್ಟೆ ಹತ್ತಲು ಅವರಿಗೆ ಕೈ ಕೊಟ್ಟವರು ಯಾರು ಗೊತ್ತೆ? ಚಿನ್ನ ಗೆದ್ದ ಸ್ವೀಡನ್ ದೇಶದ ಸವಾರ! 1956ರಲ್ಲಿ ಲಿಸ್ ಮತ್ತೆ ಬೆಳ್ಳಿ ಗೆದ್ದರು.

ಪದಕ ಬಂತು, ಸಾಕು ಅಂತ ಅವರು ಸುಮ್ಮನೆ ಕೂರಲಿಲ್ಲ. ತಮಗೆ ಸಿಕ್ಕ ಬಲ ಬೇರೆಯವರಿಗೂ ಸಿಗಲಿ ಅಂದರು. ಕೈಕಾಲು ಸೋತವರಿಗೆ ಸವಾರಿ ಕಲಿಸುವ ಕೆಲಸಕ್ಕೆ ಹೆಗಲು ಕೊಟ್ಟರು. ಅವರನ್ನು ನೋಡಿ ಹಲವು ದೇಶಗಳಲ್ಲಿ ಇಂಥ ಕೇಂದ್ರಗಳು ಶುರುವಾದವು. 2009ರಲ್ಲಿ ಅವರು ತೀರಿಕೊಂಡರು. ಕೆಲಸ ನಿಲ್ಲಲಿಲ್ಲ.

ಕುದುರೆ ಏರಿದರೆ ಏನು ಲಾಭ ಅಂತ ನೀವು ಕೇಳಬಹುದು. ಕುದುರೆ ನಿಧಾನವಾಗಿ ನಡೆಯುವಾಗ ಮೇಲೆ ಕೂತವರ ಸೊಂಟ ಅಲುಗುತ್ತದೆ. ನಾವು ನಡೆಯುವಾಗ ಅಲುಗುವ ಹಾಗೆಯೇ. ಬೀಳದ ಹಾಗೆ ಕೂರಲು ಬೆನ್ನು, ಹೊಟ್ಟೆ ಬಿಗಿ ಹಿಡಿಯಬೇಕು. ಹಾಗೆ ಮೈಗೆ ಹಿಡಿತ ಬರುತ್ತದೆ. ಒಬ್ಬರು ಕುದುರೆ ಹಿಡಿದು ನಡೆಸುತ್ತಾರೆ. ಬೇಕಾದರೆ ಎರಡು ಪಕ್ಕದಲ್ಲೂ ಜನ ಇರುತ್ತಾರೆ. ಇದು ರೋಗ ಕಳೆಯುವ ಮಂತ್ರವಲ್ಲ. ಎಲ್ಲರಿಗೂ ಒಗ್ಗುವುದೂ ಇಲ್ಲ. ಡಾಕ್ಟರನ್ನು ಕೇಳಿಯೇ ಮಾಡಬೇಕು. ಆದರೆ ನೆಲದ ಮೇಲೆ ಕೂತ ಮಗು ಕುದುರೆ ಮೇಲಿಂದ ಲೋಕ ನೋಡಿದರೆ ಅದರ ಮುಖ ಅರಳದೆ ಇರುತ್ತದೆಯೆ?

ನಮ್ಮ ದೇಶದಲ್ಲೂ ಪೋಲಿಯೊ ಎಷ್ಟೋ ಮಕ್ಕಳ ಕಾಲು ಕಸಿದಿತ್ತು. ಮಕ್ಕಳ ಬಾಯಿಗೆ ಎರಡು ಹನಿ ಹಾಕಿಸಿ ಹಾಕಿಸಿ ಅದನ್ನು ಓಡಿಸಿದೆವು. 2014ರಲ್ಲಿ ಭಾರತ ಪೋಲಿಯೊ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಆ ಹನಿ ಹಾಕಿಸುವುದನ್ನು ನಾವು ಬಿಡಬಾರದು.

ಅಕ್ಕಂದಿರೆ, ಕುದುರೆ ಎಲ್ಲ ಊರಲ್ಲೂ ಸಿಗದು. ಆದರೆ ನಡೆಯಲಾರದ ಮಗು ಎಲ್ಲ ಊರಲ್ಲೂ ಇದೆ. ಜನ ಏನಂದಾರು ಅಂತ ಆ ಮಗುವನ್ನು ನಾವು ಒಳಗೆ ಬಚ್ಚಿಡುವುದು ಬೇಡ. ಹೊರಗೆ ಕರೆದುಕೊಂಡು ಬರೋಣ. ಶಾಲೆಗೆ ಸೇರಿಸೋಣ.

ಲಿಸ್ ಅವರನ್ನು ಯಾರೋ ಕೈಹಿಡಿದು ಕುದುರೆಗೆ ಹತ್ತಿಸಿದರು. ನಾವೂ ಒಬ್ಬರಿಗೆ ಕೈ ಕೊಡೋಣ.