ಮಾತಿಗೆ ಸಿಗದ ದುಃಖ: ವಿಶೇಷ ಅಗತ್ಯವುಳ್ಳ ಮಗುವಿನ ಭಾವಲೋಕ



ಹೊರನಾಡಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮುಂದೆ ಈ ವಿಷಯವನ್ನು ಕುರಿತು ಮಾತನಾಡಬೇಕೆಂಬ ಕೋರಿಕೆ ಬಂದಾಗ ನನಗೆ ಮೊದಲು ನೆನಪಾದವನು ಒಬ್ಬ ಬಾಲಕ. ಮುಂಬಯಿಯ ಉಪನಗರವೊಂದರ ವಿಶೇಷ ಶಾಲೆಯಲ್ಲಿ ನಾನು ಶಿಕ್ಷಕಿಯಾಗಿದ್ದಾಗ ಆತ ನನ್ನ ತರಗತಿಯಲ್ಲಿದ್ದನು. ವಯಸ್ಸು ಹತ್ತು, ಧಾರವಾಡದ ಕಡೆಯ ಮನೆತನ. ಆಟಿಸಂ ಎಂದು ವೈದ್ಯರು ಹೇಳುವ ಸ್ವಲೀನತೆ ಆತನಿಗಿತ್ತು. ಸ್ವಂತವಾಗಿ ಆಡುತ್ತಿದ್ದ ಮಾತುಗಳು ಇಪ್ಪತ್ತನ್ನು ಮೀರುತ್ತಿರಲಿಲ್ಲ. ಶಾಂತ ಸ್ವಭಾವದ ಈ ಬಾಲಕ ಒಂದು ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಕಿರುಚತೊಡಗಿದನು. ತನ್ನ ಮಣಿಕಟ್ಟನ್ನು ತಾನೇ ರಕ್ತ ಬರುವಂತೆ ಕಚ್ಚಿಕೊಳ್ಳತೊಡಗಿದನು. ಯಾರಾದರೂ ಚೀಲವನ್ನು ಹೆಗಲಿಗೇರಿಸಿದರೆ ಸಾಕು, ‘ಊರಿಗೆ, ಊರಿಗೆ’ ಎಂದು ಕೂಗುತ್ತಿದ್ದನು.

ನಾವು ಮಾಡಿದ್ದೇನು? ಸುಮ್ಮನೆ ಕುಳಿತರೆ ಬಹುಮಾನವಾಗಿ ಬಿಸ್ಕತ್ತು ಕೊಡುವ ಕ್ರಮವನ್ನು ಜಾರಿಗೆ ತಂದೆವು. ಮೂರು ತಿಂಗಳು ಹೀಗೆಯೇ ಕಳೆದವು. ಇತರ ಶಿಕ್ಷಕಿಯರಿಗೆ ಕನ್ನಡ ತಿಳಿಯದು. ಅವರಿಗೆ ಆ ಶಬ್ದ ಬರಿಯ ಸದ್ದಾಗಿತ್ತು. ನನಗೆ ತಿಳಿದಿತ್ತು. ಆದರೂ ಇಂತಹ ಮಕ್ಕಳು ಕೇಳಿದ ಮಾತನ್ನು ಪ್ರತಿಧ್ವನಿಸುವುದು ಸಾಮಾನ್ಯವೆಂದು ಭಾವಿಸಿ ನಾನೂ ಅದನ್ನು ಕಡೆಗಣಿಸಿದೆ. ಆ ತಪ್ಪು ನನ್ನದೇ.

ತಾಯಿಯನ್ನು ಕರೆದು ವಿಚಾರಿಸಿದಾಗ ಸಂಗತಿ ಹೊರಬಂತು. ಮನೆಯಲ್ಲಿದ್ದ ಅಜ್ಜಿ ಜೂನ್ ತಿಂಗಳಿನಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಬಾಲಕನನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದರು. ಆತ ಅಜ್ಜಿಯನ್ನು ಹುಡುಕಿದಾಗ, ‘ಅಜ್ಜಿ ಊರಿಗೆ ಹೋಗ್ಯಾರಪ್ಪಾ’ ಎಂದು ಸಮಾಧಾನ ಹೇಳಿದ್ದರು. ನಾವೆಲ್ಲರೂ ಹಾಗೆಯೇ ಹೇಳುವವರು. ಅದರಲ್ಲಿ ದುರುದ್ದೇಶವೇನೂ ಇಲ್ಲ. ಆದರೆ ಸ್ವಲೀನತೆಯುಳ್ಳ ಮಗು ಮಾತನ್ನು ಅದರ ನೇರವಾದ ಅರ್ಥದಲ್ಲಿಯೇ ಹಿಡಿಯುವುದುಂಟು. ಊರಿಗೆ ಹೋದವರು ಮರಳಿ ಬರುವುದಿಲ್ಲ ಎಂಬುದನ್ನು ಆತ ಕಲಿತಿದ್ದನು. ಆದ್ದರಿಂದ ಚೀಲ ಹಿಡಿದು ಹೊರಟ ಪ್ರತಿಯೊಬ್ಬರೂ, ಸ್ವತಃ ತಂದೆಯೂ, ಶಾಶ್ವತವಾಗಿ ಹೊರಟವರೆಂದೇ ಆತನ ಭಯ.

ಇನ್ನೊಂದು ಸಂಗತಿಯೂ ಇತ್ತು. ಮಗುವಿಗೆ ಮೂರು ವರ್ಷವಾಗಿದ್ದಾಗ, ಎರಡು ಭಾಷೆಗಳಿಂದ ಗೊಂದಲವಾದೀತು, ಮನೆಯಲ್ಲಿ ಇಂಗ್ಲಿಷನ್ನು ಮಾತ್ರ ಆಡಿರಿ ಎಂದು ಯಾರೋ ಸಲಹೆ ಕೊಟ್ಟಿದ್ದರು. ತಂದೆತಾಯಿ ಅದನ್ನು ಪಾಲಿಸಿದ್ದರು; ಅಜ್ಜಿ ಮಾತ್ರ ಪಾಲಿಸಿರಲಿಲ್ಲ. ಮೊಮ್ಮಗನಿಗೆ ಊಟ ಮಾಡಿಸುವಾಗ, ಸ್ನಾನ ಮಾಡಿಸುವಾಗ, ಗದರುವಾಗ ಅವರು ಕನ್ನಡವನ್ನೇ ಆಡುತ್ತಿದ್ದರು. ಅವರು ಹೋದಾಗ ಆ ಭಾಷೆಯೂ ಮನೆಯಿಂದ ಹೋಯಿತು. ಈ ಸಲಹೆ ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿರುವ ನಿಮ್ಮಲ್ಲಿ ಹಲವರಿಗೂ ದೊರೆತಿರಬಹುದು. ಎರಡು ಭಾಷೆಗಳ ಪರಿಸರದಲ್ಲಿ ಬೆಳೆಯುವುದರಿಂದ ಸ್ವಲೀನತೆಯುಳ್ಳ ಮಕ್ಕಳ ಮಾತು ಇನ್ನಷ್ಟು ತಡವಾಗುವುದಿಲ್ಲವೆಂದು ಇತ್ತೀಚಿನ ಅಧ್ಯಯನಗಳು ತೋರಿಸಿವೆ. ತಾಯಿಗೆ ಸಹಜವಲ್ಲದ ಭಾಷೆಯಲ್ಲಿ ಆಕೆ ಮಗುವಿಗೆ ಲೆಕ್ಕ ಕಲಿಸಬಹುದೇನೋ. ದುಃಖವನ್ನು ಕುರಿತು ಮಾತನಾಡುವುದು ಕಷ್ಟ.

ಭಾವನೆಗಳ ವಿಷಯದಲ್ಲಿ ನಮ್ಮ ನುಡಿಯಲ್ಲಿ ಒಂದು ಅನುಕೂಲವೂ ಇದೆ. ನಾವು ‘ನನಗೆ ಕೋಪ ಬಂತು’, ‘ನನಗೆ ಹೆದರಿಕೆ ಆಯಿತು’ ಎನ್ನುತ್ತೇವೆ. ಕೋಪ ಹೊರಗಿನಿಂದ ಬಂದ ಅತಿಥಿಯಂತೆ, ಬಂದದ್ದು ಹೋಗಲೂಬಹುದು. ‘ನೀನು ಬಲು ಸಿಟ್ಟಿನವನು’ ಎನ್ನುವುದಕ್ಕೂ ‘ಸಿಟ್ಟು ಬಂದಿದೆ’ ಎನ್ನುವುದಕ್ಕೂ ಇರುವ ಅಂತರವನ್ನು ಮಗು ಬಹುಬೇಗ ಗ್ರಹಿಸುತ್ತದೆ. ಆದರೆ ಹೊಟ್ಟೆಯುರಿ, ತಲೆ ಕೆಟ್ಟಿತು ಮುಂತಾದ ನುಡಿಗಟ್ಟುಗಳನ್ನು ಇಂತಹ ಮಗುವಿನೊಡನೆ ಬಳಸದಿರುವುದು ಒಳ್ಳೆಯದು. ಹೊಟ್ಟೆ ಎಲ್ಲಿ ಉರಿಯುತ್ತಿದೆ ಎಂದು ಅಂಗಿ ಎತ್ತಿ ನೋಡಿಕೊಂಡ ಹುಡುಗಿಯೊಬ್ಬಳನ್ನು ನಾನು ಬಲ್ಲೆ.

ಭಾವನೆಗೆ ಹೆಸರನ್ನು ಕೊಡುವಾಗ ಮಗುವಿನ ಬಾಯಿಯಿಂದ ಹೊರಡಬೇಕಾದ ವಾಕ್ಯವನ್ನೇ ನಾವು ಆಡಿ ತೋರಿಸಬೇಕು. ವೈದ್ಯ ಲಿಯೊ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಪ್ರಸಿದ್ಧ ಲೇಖನದಲ್ಲಿಯೇ, ಈ ಮಕ್ಕಳು ಸರ್ವನಾಮಗಳನ್ನು ಕೇಳಿದಂತೆಯೇ ಮರಳಿ ಹೇಳುವುದನ್ನು ಗುರುತಿಸಿದ್ದಾರೆ. ‘ನಿನಗೆ ಹೆದರಿಕೆಯೇ?’ ಎಂದು ಕೇಳಿದರೆ ಮಗುವೂ ‘ನಿನಗೆ ಹೆದರಿಕೆಯೇ?’ ಎಂದೀತು. ಬದಲಾಗಿ, ಅದರ ಎದೆಯ ಮೇಲೆ ಅದರದೇ ಕೈಯನ್ನಿರಿಸಿ, ‘ಎದೆ ಡವಡವ ಅನ್ನುತ್ತಿದೆ. ನನಗೆ ಹೆದರಿಕೆ’ ಎಂದು ಹೇಳಿ ತೋರಿಸಿರಿ. ಉರಿಯನ್ನು ಅಳೆಯುವುದಕ್ಕೆ ಅಡುಗೆಮನೆಯ ಒಲೆಯೇ ಸಾಕು: ಸಣ್ಣ ಉರಿ, ಮಧ್ಯಮ, ದೊಡ್ಡ ಉರಿ. ಮೂರು ಚಿತ್ರಗಳನ್ನು ಗೋಡೆಗೆ ಅಂಟಿಸಿ, ಸಿಟ್ಟು ಈಗ ಎಷ್ಟಿದೆ ಎಂದು ಬೆರಳಿನಿಂದ ತೋರಿಸಲು ಕಲಿಸಬಹುದು. ಅಂಗಡಿಯಲ್ಲಿ ಸಿಗುವ ನಗುಮುಖ, ಅಳುಮುಖಗಳ ಪಟಕ್ಕಿಂತ ಮಗುವಿನ ಮತ್ತು ಮನೆಯವರ ಸ್ವಂತ ಛಾಯಾಚಿತ್ರಗಳು ಹೆಚ್ಚು ಉಪಯುಕ್ತವೆಂಬುದು ನನ್ನ ಅನುಭವ. ಚಿತ್ರಗಳನ್ನು ಬಳಸಿದರೆ ಮಗು ಮಾತನ್ನೇ ಬಿಟ್ಟೀತೆಂಬ ಅಂಜಿಕೆ ಬೇಡ, ಅದಕ್ಕೆ ಆಧಾರವಿಲ್ಲ. ಶ್ರವಣದೋಷವುಳ್ಳ ಮಗುವಾದರೆ ಮನೆಯವರೆಲ್ಲರೂ ಸಂಕೇತ ಭಾಷೆಯನ್ನು ಕಲಿಯಬೇಕು. ದೆಹಲಿಯ ಭಾರತೀಯ ಸಂಕೇತ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2021ರಲ್ಲಿ ಹೊರತಂದ ನಿಘಂಟಿನ ಆವೃತ್ತಿಯಲ್ಲಿ 10,000 ಪದಗಳಿವೆ.

ಇವೆಲ್ಲವೂ ಮಗು ಶಾಂತವಾಗಿರುವಾಗ ಕಲಿಸತಕ್ಕವು. ಕಿರುಚಾಟದ ನಡುವೆ ಪಾಠ ನಡೆಯದು. ಆಗ ದೀಪವನ್ನು ಮಂಕುಮಾಡಿ, ಟಿ.ವಿ. ಆರಿಸಿ, ನೆಂಟರನ್ನು ಹೊರಗೆ ಕಳುಹಿಸಿ, ಪೆಟ್ಟಾಗದಂತೆ ನೋಡಿಕೊಂಡು ಹತ್ತಿರ ಕುಳಿತರೆ ಸಾಕು. ಹೊಸದಾಗಿ ಕಾಣಿಸಿಕೊಂಡ ಕೋಪಕ್ಕೆ ಮನಸ್ಸನ್ನು ಹುಡುಕುವ ಮೊದಲು ದೇಹವನ್ನು ಪರೀಕ್ಷಿಸಿರಿ: ಕಿವಿನೋವು, ಹಲ್ಲುನೋವು, ಮಲಬದ್ಧತೆ, ನಿದ್ರೆಯಿಲ್ಲದಿರುವುದು. ಹೇಳಲಾಗದ ಮಗು ಇವನ್ನೂ ಕಚ್ಚಿಯೇ ಹೇಳುತ್ತದೆ.

ನೆರವಿನ ವಿಷಯವಾಗಿ ಎರಡು ಮಾತು. 1995ರ ಕಾನೂನು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಹೆಸರಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಇಪ್ಪತ್ತೊಂದನ್ನು ಹೆಸರಿಸುತ್ತದೆ, ಅವುಗಳಲ್ಲಿ ಸ್ವಲೀನತೆಯೂ ಕಲಿಕೆಯ ನ್ಯೂನತೆಯೂ ಸೇರಿವೆ. ಸಿಕಂದರಾಬಾದಿನಲ್ಲಿ 1984ರಲ್ಲಿ ಸ್ಥಾಪಿತವಾದ, ಬೌದ್ಧಿಕ ವೈಕಲ್ಯವುಳ್ಳವರ ರಾಷ್ಟ್ರೀಯ ಸಂಸ್ಥೆ, ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿರುವ ಬಹುವೈಕಲ್ಯ ಸಂಸ್ಥೆ, ಮುಂಬಯಿಯ ಬಾಂದ್ರಾದಲ್ಲಿರುವ ಆಲಿ ಯಾವರ್ ಜಂಗ್ ವಾಕ್ ಶ್ರವಣ ಸಂಸ್ಥೆ, ಇವು ನಿಮಗೆ ಹತ್ತಿರದಲ್ಲಿಯೇ ಇವೆ. ಮಗುವನ್ನು ನೋಡಿಕೊಳ್ಳುತ್ತ ನೀವೇ ಬಳಲಿದಾಗ 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್ ಸೇವೆ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಇನ್ನು ಆ ಬಾಲಕನ ಸಂಗತಿ. ಎಂಟು ಪುಟಗಳ ಒಂದು ಆಲ್ಬಮ್ ಮಾಡಿದೆವು. ಅಜ್ಜಿ ರೊಟ್ಟಿ ಬಡಿಯುತ್ತಿರುವ ಚಿತ್ರ, ಹಾಸಿಗೆ ಹಿಡಿದ ಚಿತ್ರ, ಆಸ್ಪತ್ರೆಯ ಬಾಗಿಲು, ಕೊನೆಯಲ್ಲಿ ಮಾಲೆ ಹಾಕಿದ ಪಟ. ಪ್ರತಿಯೊಂದರ ಕೆಳಗೆ ಕನ್ನಡದಲ್ಲಿ ಒಂದು ವಾಕ್ಯ. ‘ಅಜ್ಜಿ ಸತ್ತರು’ ಎಂದು ಬರೆಯಲು ತಾಯಿ ಒಪ್ಪಲಿಲ್ಲ. ‘ಮಗನ ಮುಂದ ಆ ಶಬ್ದ ಹೆಂಗ ಆಡ್ಲಿ ಬಾಯೀ’ ಎಂದು ಅತ್ತರು. ಎರಡು ವಾರಗಳ ನಂತರ ತಾವೇ ಬರೆದರು: ‘ಅಜ್ಜಿ ಸತ್ತರು. ಅವರಿಗೆ ಈಗ ಉಸಿರಿಲ್ಲ, ನೋವಿಲ್ಲ. ಅವರು ಮರಳಿ ಬರುವುದಿಲ್ಲ. ಅಪ್ಪ ಊರಿಗೆ ಹೋದರೆ ಮರಳಿ ಬರುತ್ತಾರೆ.’ ತಂದೆ ಪ್ರವಾಸಕ್ಕೆ ಹೊರಟಾಗಲೆಲ್ಲ ಕ್ಯಾಲೆಂಡರಿನಲ್ಲಿ ಬರುವ ದಿನದ ಮೇಲೆ ಅವರ ಚಿತ್ರವನ್ನು ಅಂಟಿಸಿದರು; ಮರಳಿದಾಗ ಬಾಲಕನೇ ಅದನ್ನು ಕಿತ್ತು ಕೈಗೆ ಕೊಡುತ್ತಿದ್ದನು. ಕಚ್ಚಿಕೊಳ್ಳುವುದು ಒಮ್ಮೆಗೇ ನಿಲ್ಲಲಿಲ್ಲ. ದೀಪಾವಳಿಯ ಹೊತ್ತಿಗೆ ವಾರಕ್ಕೊಮ್ಮೆ ಎಂಬಂತಾಯಿತು. ಒಂದು ಸಂಜೆ ಆತ ಆಲ್ಬಮ್ಮನ್ನು ತಂದು ತಾಯಿಯ ಮಡಿಲಿನಲ್ಲಿಟ್ಟು, ಅಳುವಿನ ಚಿತ್ರವನ್ನು ಅದರ ಮೇಲಿಟ್ಟು, ‘ಅಜ್ಜಿ ಬರೂದಿಲ್ಲ’ ಎಂದನಂತೆ. ಅಂದು ಆತ ಕಿರುಚಲಿಲ್ಲ, ಅತ್ತನು. ಆಲ್ಬಮ್ಮನ್ನು ಆತನ ಕೈಗೆಟುಕುವಂತೆ ಕೆಳಗಿನ ಗೂಡಿನಲ್ಲಿಡಲಾಗಿದೆ. ಕೆಲವು ದಿನ ತೆಗೆಯುತ್ತಾನೆ, ಕೆಲವು ದಿನ ಇಲ್ಲ.