ಉರಿಗಾಮಿನ ಮಿಠಾಯಿ ಬಟ್ಟಲುಗಳು

ನಮ್ಮ ಮನೆಯ ನಡುಮನೆಯಲ್ಲಿ, ಪೂರ್ವದ ಕಿಟಕಿಗೆ ಸಮೀಪವಾಗಿ, ತೇಗದ ಹಲಗೆಯೊಂದಿದೆ. ಅದರ ಮೇಲೆ ಹನ್ನೊಂದು ಗಾಜಿನ ಬಟ್ಟಲುಗಳಿವೆ. ಕನ್ನಡ ಅಧ್ಯಾಪಕನ ಮನೆಯಲ್ಲಿ ಪುಸ್ತಕವಿರಬೇಕಾದ ಸ್ಥಳದಲ್ಲಿ ಗಾಜು ಕುಳಿತಿರುವುದನ್ನು ಕಂಡು ಬಂದವರು ಬೆರಗಾಗುತ್ತಾರೆ. ಹೂದಾನಿಗಳೇ ಎಂದು ಕೆಲವರು ಕೇಳುವುದುಂಟು. ನನ್ನ ಹಳೆಯ ಶಿಷ್ಯರೊಬ್ಬರು ಉಪ್ಪಿನಕಾಯಿಯ ಪಾತ್ರೆಗಳೆಂದೇ ಭಾವಿಸಿದ್ದರು. ಇವು ಮಿಠಾಯಿ ಬಟ್ಟಲುಗಳು. ಅತಿಥಿಗಳು ಕೂತು ಮಾತನಾಡುತ್ತ ಕೈಚಾಚಿ ಒಂದೊಂದು ಪೆಪ್ಪರ್‌ಮೆಂಟನ್ನೋ ಟಾಫಿಯನ್ನೋ ತೆಗೆದುಕೊಳ್ಳಲೆಂದು ಇಂಗ್ಲಿಷರು ತಮ್ಮ ದಿವಾನಖಾನೆಗಳಲ್ಲಿ ಇಡುತ್ತಿದ್ದ ಪಾತ್ರೆಗಳು. ನಮ್ಮಲ್ಲಿ ಎಲೆ ಅಡಿಕೆಯ ತಟ್ಟೆಗೆ ಇರುವ ಸ್ಥಾನವೇ ಅವರಲ್ಲಿ ಇದಕ್ಕಿತ್ತು.

ಉರಿಗಾಮಿನಲ್ಲಿ ಹುಟ್ಟಿ ಬೆಳೆದವನಿಗೆ ಈ ಹುಚ್ಚು ಹಿಡಿದುದರಲ್ಲಿ ಆಶ್ಚರ್ಯವೇನಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಕೋಲಾರದ ಗಣಿಗಳಿಗೆ ಕಾಲಿಟ್ಟ ಮೇಲೆ ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಗಣಿಗಳ ಸುತ್ತ ಬಂಗಲೆಗಳೆದ್ದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗಳಿಗೆ ಹರಿದು ಬಂದಿತು. ಬೆಂಗಳೂರು ನಗರಕ್ಕೆ ಅದು ದೊರೆತದ್ದು 1905ರಲ್ಲಿ. ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪದವರೆಗೆ ಹಾಕಿದ ರೈಲಿನಲ್ಲಿ ಯಂತ್ರಗಳು ಬಂದಂತೆ ಪಿಯಾನೋಗಳೂ ಪಿಂಗಾಣಿಯೂ ಗಾಜೂ ಬಂದುವು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಆ ಕಾಲದಲ್ಲಿ ಸ್ವದೇಶಕ್ಕೆ ಹೊರಟ ದೊರೆಗಳು ತಮ್ಮ ಸಾಮಾನುಗಳನ್ನು ಬಂಗಲೆಯ ಅಂಗಳದಲ್ಲಿಯೇ ಹರಾಜು ಹಾಕಿಸುತ್ತಿದ್ದುದನ್ನು ನಮ್ಮ ತಂದೆಯವರು ಹೇಳುತ್ತಿದ್ದರು. ದೊಡ್ಡ ಸಾಮಾನು ಬೆಂಗಳೂರಿನ ವ್ಯಾಪಾರಿಗಳ ಪಾಲಾಯಿತು. ಚಿಕ್ಕದು ಆಂಗ್ಲೋ-ಇಂಡಿಯನ್ನರ ಮನೆಗಳಿಗೂ ಬಟ್ಲರುಗಳ ಮನೆಗಳಿಗೂ ಗಣಿ ಕೂಲಿಗಳ ಲೈನು ಮನೆಗಳಿಗೂ ಸೇರಿತು. ಹತ್ತು ಅಡಿಯ ಲೈನು ಮನೆಯ ಗೂಡಿನಲ್ಲಿ ಮುರುಗನ ಪಟದ ಮುಂದೆ ವಿಭೂತಿ ತುಂಬಿದ ಕಟ್ ಗ್ಲಾಸ್ ಬಟ್ಟಲನ್ನು ಹುಡುಗನಾಗಿದ್ದಾಗ ನಾನು ಕಂಡಿದ್ದೇನೆ. ಅದಕ್ಕಿಂತ ಚೆಲುವಾದ ಅಲಂಕಾರವನ್ನು ಮುಂದೆ ಎಲ್ಲಿಯೂ ಕಾಣಲಿಲ್ಲ.

ಭಾಷೆಯ ಮೇಷ್ಟರಿಗೆ ಶಬ್ದದ ಚಪಲ ಬಿಡದು, ಕೇಳುಗರು ಕ್ಷಮಿಸಬೇಕು. ಇಂಗ್ಲಿಷಿನ ‘ಕ್ಯಾಂಡಿ’ ನಮ್ಮ ‘ಖಂಡ’ವೇ. ಸಂಸ್ಕೃತದಿಂದ ಪಾರಸಿಗೂ ಅರಬಿಗೂ ಹೋಗಿ, ಯೂರೋಪನ್ನು ಸುತ್ತಿ, ಕೊನೆಗೆ ದೊರೆಸಾನಿಯ ಬಟ್ಟಲಿನಲ್ಲಿ ಕುಳಿತು ಉರಿಗಾಮಿಗೆ ಮರಳಿತು. ಸಕ್ಕರೆಯ ಮೂಲವಾದ ‘ಶರ್ಕರಾ’ ಎಂಬ ಮಾತಿಗೆ ಹರಳು, ನೊರಜುಗಲ್ಲು ಎಂಬ ಅರ್ಥವೂ ಉಂಟು. ಗಾಜಿನ ಮೂಲದ್ರವ್ಯವಾದ ಮರಳೂ, ನಮ್ಮೂರಿನ ಚಿನ್ನವನ್ನು ಒಡಲಲ್ಲಿಟ್ಟುಕೊಂಡಿದ್ದ ಬೆಣಚುಕಲ್ಲೂ ಒಂದೇ ಸಿಲಿಕಾ. ಆ ಕಲ್ಲಿನ ಧೂಳೇ ಗಣಿಯವರ ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಎಂಬ ರೋಗವಾಗುತ್ತಿತ್ತು. ನಮ್ಮ ಬೀದಿಯಲ್ಲಿ ನಲವತ್ತೈದು ದಾಟದೆ ಕೆಮ್ಮಿ ಕೆಮ್ಮಿ ಹೋದವರ ಮನೆಗಳನ್ನು ನಾನು ಈಗಲೂ ಸಾಲಾಗಿ ಹೇಳಬಲ್ಲೆ.

ಬಟ್ಟಲುಗಳನ್ನು ಗುರುತಿಸುವ ಬಗೆಯನ್ನು ನಾಲ್ಕು ಮಾತಿನಲ್ಲಿ ತಿಳಿಸುತ್ತೇನೆ. ಕೈಯಿಂದ ಕೊರೆದ ಗಾಜಿನ ಅಂಚು ಬೆರಳಿಗೆ ಚುರುಕಾಗಿ ತಾಕುತ್ತದೆ. ಅಚ್ಚಿನಲ್ಲಿ ಒತ್ತಿದ್ದಾದರೆ ಅಂಚು ಮೊಂಡಾಗಿರುತ್ತದೆ. ಅಚ್ಚಿನ ಭಾಗಗಳು ಕೂಡಿದಲ್ಲಿ ಸಣ್ಣ ಗೆರೆ ಉಳಿದಿರುತ್ತದೆ. ಬಹುಕಾಲ ಬಳಸಿದ ಬಟ್ಟಲಿನ ತಳದಲ್ಲಿ, ಮೇಜಿಗೆ ತಾಗುವ ವರ್ತುಲದಲ್ಲಿ ಮಾತ್ರ, ನವಿರಾದ ಗೀರುಗಳಿರುತ್ತವೆ. ಎಲ್ಲೆಡೆ ಸಮನಾಗಿ ಗೀರಿದ್ದರೆ ಯಾರೋ ಮರಳುಕಾಗದದಿಂದ ಉಜ್ಜಿ ಮುದುಕುತನ ತರಿಸಿದ್ದಾರೆಂದು ತಿಳಿಯಬೇಕು. ಎಣ್ಣೆ ಬಿದ್ದ ನೀರಿನಂತೆ ಬಣ್ಣ ಹೊರಳಿಸುವ ಗಾಜಿಗೆ ಕಾರ್ನಿವಲ್ ಗ್ಲಾಸ್ ಎಂದು ಹೆಸರು. ಅದೆಲ್ಲವೂ ಪರದೇಶದ್ದೆಂದು ತಿಳಿಯಬೇಕಾಗಿಲ್ಲ; ಬಳೆಗಳ ಊರಾದ ಫಿರೋಜಾಬಾದಿನ ಜೈನ್ ಗ್ಲಾಸ್ ವರ್ಕ್ಸ್‌ನಲ್ಲಿಯೂ ಅದು ತಯಾರಾಗುತ್ತಿತ್ತು. ಹಳದಿ ಬೆರೆತ ಎಳೆಹಸುರಿನ ಕೆಲವು ಬಟ್ಟಲುಗಳಲ್ಲಿ ಯುರೇನಿಯಂ ಬೆರೆತಿರುತ್ತದೆ. ಅಂಗಡಿಯವರು ಖೋಟಾ ನೋಟು ನೋಡುವ ನೇರಳೆ ದೀಪದಡಿ ಹಿಡಿದರೆ ಅವು ಮಿಂಚುಹುಳುವಿನಂತೆ ಬೆಳಗುತ್ತವೆ. ನನ್ನಲ್ಲಿರುವ ಒಂದನ್ನು ನಮ್ಮ ದಿನಸಿ ಅಂಗಡಿಯಲ್ಲಿಯೇ ಪರೀಕ್ಷಿಸಿದ್ದು; ಆ ದಿನ ಗಿರಾಕಿಗಳು ವ್ಯಾಪಾರ ಮರೆತು ನಿಂತರು.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಕೆಂಪು ಗಾಜು. ಶ್ರೇಷ್ಠವಾದ ಕೆಂಪು ಗಾಜಿಗೆ ಆ ಬಣ್ಣ ಬರುವುದು ಚಿನ್ನದಿಂದ. ಕಾಯಿಸಿದ ಗಾಜಿಗೆ ಅತ್ಯಲ್ಪ ಪ್ರಮಾಣದ ಚಿನ್ನವನ್ನು ದ್ರವರೂಪದಲ್ಲಿ ಸೇರಿಸುತ್ತಾರೆ. ಮೊದಲು ಅದು ಬಣ್ಣಗೆಟ್ಟಂತೆಯೇ ಇರುತ್ತದೆ. ಮತ್ತೊಮ್ಮೆ ಕಾಯಿಸಿದಾಗ ಚಿನ್ನ ಅತಿಸೂಕ್ಷ್ಮ ಕಣಗಳಾಗಿ ಕೂಡಿಕೊಂಡು ದಾಳಿಂಬೆಯ ಕೆಂಪು ಮೂಡುತ್ತದೆ. 17ನೆಯ ಶತಮಾನದಲ್ಲಿ ಜರ್ಮನಿಯ ಯೋಹಾನ್ ಕುಂಕೆಲ್ ಈ ವಿದ್ಯೆಯಲ್ಲಿ ಪ್ರಸಿದ್ಧನಾಗಿದ್ದ. ಆ ಕಣಗಳ ಗುಟ್ಟನ್ನು ಮೈಕೇಲ್ ಫ್ಯಾರಡೆ 1857ರಲ್ಲಿ ವಿವರಿಸಿದ. ಚಿನ್ನ ಕೆಂಪಾಗುತ್ತದೆಂಬುದು ಉರಿಗಾಮಿನವನಿಗೆ ಹೊಸ ಸುದ್ದಿಯಾಗಿ ತೋರಲಿಲ್ಲ.

ನನ್ನ ಬಳಿ ಇರುವ ಕೆಂಪು ಬಟ್ಟಲಿನ ಕಥೆಯನ್ನು ಹೇಳದೆ ಈ ಮಾತನ್ನು ಮುಗಿಸಿದರೆ ಅಪ್ರಾಮಾಣಿಕತೆಯಾದೀತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯುತ್ತಿದ್ದವರು ಮರುದಿನದಿಂದ ಮನೆಯ ಜಗುಲಿಯಲ್ಲಿ ಕೂತರು. ಬೆಳಗಿನ ಜಾವದ ರೈಲಿನಲ್ಲಿ ಮಕ್ಕಳು ಬೆಂಗಳೂರಿಗೆ ಕೂಲಿಗೆ ಹೊರಟರು. ಅಟ್ಟದಲ್ಲಿದ್ದುದು ಅಂಗಡಿಗೆ ಬರತೊಡಗಿತು. ಅದರ ಮರುವರ್ಷ ರಜೆಯಲ್ಲಿ ಊರಿಗೆ ಹೋಗಿದ್ದಾಗ ನಿವೃತ್ತ ಗಣಿ ಕೆಲಸಗಾರರೊಬ್ಬರ ಹೆಂಡತಿ ಹಳೆಯ ಸೀರೆಯಲ್ಲಿ ಸುತ್ತಿದ ಮುಚ್ಚಳವುಳ್ಳ ಕೆಂಪು ಬಟ್ಟಲೊಂದನ್ನು ನನ್ನೆದುರು ಬಿಚ್ಚಿದರು. ಅವರ ಮಾವ ಬಂಗಲೆಯೊಂದರಲ್ಲಿ ಬಟ್ಲರಾಗಿದ್ದರಂತೆ.

“ಎಷ್ಟು ಕೊಡಲಮ್ಮಾ?” ಎಂದೆ.

“ನೀವು ಓದಿದವರು ಸಾರ್. ನೀವೇ ನೋಡಿ ಕೊಡಿ.”

ಇನ್ನೂರು ರೂಪಾಯಿ ಕೊಟ್ಟೆ. ಅವರು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಅದು ಹೆಚ್ಚಾಯಿತೇನೋ ಎಂಬ ಉದಾರಭಾವದಿಂದ ನಾನು ಮನೆಗೆ ಬಂದೆ. ಎಂಟು ತಿಂಗಳ ನಂತರ ಬೆಂಗಳೂರಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಅದೇ ಬಗೆಯ ಬಟ್ಟಲಿಗೆ, ಮುಚ್ಚಳವಿಲ್ಲದ್ದಕ್ಕೆ, ನಾಲ್ಕೂವರೆ ಸಾವಿರ ಹೇಳಿದರು. ಮುಂದಿನ ಭಾನುವಾರ ಹಣ ತೆಗೆದುಕೊಂಡು ಉರಿಗಾಮಿಗೆ ಹೋದೆ. ಲೈನಿನ ಮನೆಗೆ ಬೀಗ ಬಿದ್ದಿತ್ತು. ಯಜಮಾನರು ತೀರಿಕೊಂಡರೆಂದೂ, ಆಕೆ ಮಗಳ ಬಳಿಗೆ ಹೊಸೂರಿನ ಕಡೆ ಹೋದರೆಂದೂ ಪಕ್ಕದವರು ಹೇಳಿದರು. ಹೊಸೂರಿಗೂ ಎರಡು ಸಲ ಹೋಗಿ ಬಂದೆ. ಸಂಗ್ರಾಹಕರು ಕೂಡಿದಾಗ ಇಂಥ ಖರೀದಿಯನ್ನು ‘ಅದೃಷ್ಟ’ ಎಂದು ಕರೆಯುತ್ತಾರೆ. ನಾನು ಆ ಮಾತನ್ನು ಬಿಟ್ಟಿದ್ದೇನೆ. ಬಡವರ ಮನೆಯಲ್ಲಿ ಚೌಕಾಸಿ ಮಾಡುವುದನ್ನೂ, ಬೆಲೆಯನ್ನು ಅವರ ಬಾಯಿಂದ ಹೇಳಿಸುವುದನ್ನೂ ಬಿಟ್ಟಿದ್ದೇನೆ. ಈಗ ಅಂಗಡಿಯ ಬೆಲೆಯನ್ನು ವಿಚಾರಿಸಿದ ಮೇಲೆಯೇ ಮಾತು. ಅದರಿಂದಾಗಿ ಕಳೆದ ಹತ್ತು ವರ್ಷಗಳಲ್ಲಿ ಸೇರಿದ ಬಟ್ಟಲು ಎರಡೇ.

ಅಲಂಕಾರದ ವಿಷಯಕ್ಕೆ ಬರೋಣ. ಬೀರುವಿನೊಳಗಿಟ್ಟ ಗಾಜು ಸತ್ತ ಗಾಜು. ಅದಕ್ಕೆ ಬೆಳಕು ಬೇಕು. ಬಣ್ಣದವನ್ನು ಒಟ್ಟೊಟ್ಟಿಗೆ ಗುಂಪುಗೂಡಿಸಿದರೆ ಸಂತೆಯಾಗುತ್ತದೆ. ಎರಡು ಬಣ್ಣರಹಿತ ಬಟ್ಟಲುಗಳ ನಡುವೆ ಒಂದು ಬಣ್ಣದ್ದು ಸಾಕು. ದಸರೆಯ ಗೊಂಬೆಗಳ ಕೆಳಮೆಟ್ಟಿಲಿನಲ್ಲಿ ಬೊಂಬೆ ಬಾಗಿನವನ್ನೂ, ಸಂಕ್ರಾಂತಿಗೆ ಕುಸುರೆಳ್ಳನ್ನೂ ನನ್ನಾಕೆ ಇವುಗಳಲ್ಲಿಯೇ ತುಂಬುತ್ತಾರೆ. ಕ್ರಿಸ್‌ಮಸ್ಸಿಗೆ ನಮ್ಮ ನೆರೆಯ ಟೀಚರಮ್ಮನವರ ಮನೆಯಿಂದ ಕಲ್‌ಕಲ್ಲೂ ರೋಸ್ ಕುಕ್ಕಿಯೂ ಬರುತ್ತಿದ್ದುದು ಇಂಥದೇ ಬಟ್ಟಲಿನಲ್ಲಿ. ಅದನ್ನು ಬರಿದಾಗಿ ಹಿಂದಿರುಗಿಸಬಾರದೆಂದು ನಮ್ಮ ತಾಯಿ ಸಜ್ಜಪ್ಪ ಇಟ್ಟು ಕಳಿಸುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಆ ಸಂಸಾರ ಆಸ್ಟ್ರೇಲಿಯಾಕ್ಕೆ ಹೋಯಿತು. ತೊಳೆಯುವಾಗ ಬೋಗುಣಿಯ ತಳಕ್ಕೆ ಬಟ್ಟೆ ಹಾಸಿ, ಉಗುರುಬೆಚ್ಚನೆಯ ನೀರನ್ನಷ್ಟೇ ಬಳಸಬೇಕು; ಬಿಸಿನೀರು ಸುರಿದರೆ ಹಳೆಯ ಗಾಜು ಬಿರಿಯುತ್ತದೆ. ಭಾರವಾದ, ಗಂಟೆಯಂತೆ ನಾದ ಕೊಡುವ ಕ್ರಿಸ್ಟಲ್ ಗಾಜಿನಲ್ಲಿ ಸೀಸವಿರುತ್ತದೆ. ಅದರಲ್ಲಿ ತಿನಿಸನ್ನು, ಮುಖ್ಯವಾಗಿ ಹುಳಿಯ ಪದಾರ್ಥವನ್ನು, ದಿನಗಟ್ಟಲೆ ಇಡಬಾರದು.

ಕೆಂಪು ಬಟ್ಟಲನ್ನು ಮಾತ್ರ ನಾನು ಹಲಗೆಯ ಮೇಲೆ ಇಟ್ಟಿಲ್ಲ. ಅದರ ಕೆಂಪು ಚಿನ್ನದ್ದೇ ಎಂದು ಪರೀಕ್ಷೆ ಮಾಡಿಸಲು ಸ್ನೇಹಿತರು ಒತ್ತಾಯಿಸಿದರೂ ಮನಸ್ಸು ಬರಲಿಲ್ಲ. ಅದು ಮುಂಬಾಗಿಲ ಪಕ್ಕದ ಸ್ಟೂಲಿನ ಮೇಲಿದೆ, ಕಲ್ಲುಸಕ್ಕರೆ ತುಂಬಿಕೊಂಡು. ಹಾಲಿನವನು, ಪತ್ರಿಕೆಯ ಹುಡುಗ, ಬೀದಿಯ ಮಕ್ಕಳು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಒಡೆದೀತೆಂದು ಮನೆಯವರು ಎಚ್ಚರಿಸುತ್ತಲೇ ಇರುತ್ತಾರೆ. ಮುಚ್ಚಳವನ್ನು ಎಷ್ಟೇ ಮೆಲ್ಲನೆ ಇಟ್ಟರೂ ‘ಣಿಣ್’ ಎಂಬ ಸದ್ದು ಒಳಕೋಣೆಯವರೆಗೆ ಕೇಳಿಸುತ್ತದೆ. ನಿನ್ನೆ ಮಧ್ಯಾಹ್ನ ಈ ಭಾಷಣವನ್ನು ಬರೆಯುತ್ತಿದ್ದಾಗ ಮೂರು ಬಾರಿ ಕೇಳಿಸಿತು. ನಾನು ಎದ್ದು ಹೋಗಿ ನೋಡಲಿಲ್ಲ.